ತುರಿಕೆ ಹೇಳದ್ದನ್ನು ಕಾಯಿ ಹೇಳುತ್ತದೆ

ಮಗಳೇ, ನಿನ್ನೆ ಸಂಜೆ ಮನೆಗೆ ಬಂದಾಗ ನಿನ್ನ ಎಡ ಮುಂಗೈ ಕೆಂಪಾಗಿ ದದ್ದು ಎದ್ದಿತ್ತು. ಬಲಗೈಯಲ್ಲಿ ಹಳೆಯ ಪೇಪರಿನ ನಡುವೆ ಮಡಚಿಟ್ಟ ಒಂದು ಬಳ್ಳಿ ಇತ್ತು. ಕಾಲೇಜಿನವರ ಜೊತೆ ಊರಾಚೆಯ ಬಂಡೆಗುಡ್ಡಕ್ಕೆ ಹೋಗಿದ್ದೆ, ಸೀತಾಫಲದ ಪೊದೆಗೆ ಸುತ್ತಿಕೊಂಡಿತ್ತು ಅಂದೆ. ನಿನ್ನ ಫೋನು ಅದಕ್ಕೊಂದು ಹೆಸರು ಹೇಳಿತ್ತು. ಗೆಳತಿ ತೆಲುಗಿನಲ್ಲಿ ದೂಲಗೊಂಡಿ ಅಂದಿದ್ದಳು. ನಿನ್ನ ಅಜ್ಜಿ ಅಡುಗೆಮನೆಯ ಬಾಗಿಲಲ್ಲೇ ನಿಂತು "ಅಯ್ಯೋ, ತುರಚಿ ಅದು, ಒಳಗೆ ತರಬೇಡ" ಅಂದಳು. ಮೂರರಲ್ಲಿ ಯಾವುದು ಸರಿ ಅಜ್ಜಾ ಅಂತ ನೀನು ಕೇಳಿದೆ. ಕೈ ಉರಿಯುತ್ತಿರುವವಳಿಗೆ ರಾತ್ರಿ ಪಾಠ ಹೇಳಲು ಮನಸ್ಸಾಗಲಿಲ್ಲ. ಈಗ ಬೆಳಗಾಗಿದೆ, ಕಾಚಿಗೂಡ ಸ್ಟೇಷನ್ನಿನ ಕಡೆಯಿಂದ ಮೊದಲ ರೈಲಿನ ಕೂಗೂ ಕೇಳಿಸಿತು. ಹೇಳಬೇಕಾದ್ದನ್ನು ಬರೆದೇ ಕೊಡುತ್ತೇನೆ. ಈ ಬಳ್ಳಿ ಮರೆತರೂ ಇದನ್ನು ನೋಡುವ ಕ್ರಮ ನಿನ್ನ ಹತ್ತಿರ ಉಳಿಯಲಿ.

ಮೊದಲು ಕೈಯ ವಿಚಾರ. ಮುಂದೆಯೂ ಇದು ನಿನ್ನನ್ನು ಮುಟ್ಟದೆ ಬಿಡುವುದಿಲ್ಲ. ಮುಟ್ಟಿದ ಜಾಗವನ್ನು ಉಜ್ಜಬೇಡ, ಕೆರೆಯಬೇಡ. ಉಜ್ಜಿದಷ್ಟೂ ಮುರಿದ ರೋಮ ಒಳಕ್ಕೆ ಹೋಗುತ್ತದೆ. ಮೊದಲು ಅಂಟುಟೇಪನ್ನು ಮೆಲ್ಲಗೆ ಒತ್ತಿ ಎತ್ತು, ಉಳಿದ ರೋಮ ಅದಕ್ಕೆ ಅಂಟಿ ಬರುತ್ತದೆ. ಆಮೇಲೆ ಧಾರಾಳವಾಗಿ ನೀರು ಬಿಟ್ಟು ಸಾಬೂನಿನಿಂದ ತೊಳೆ. ಸಾಮಾನ್ಯವಾಗಿ ಉರಿ ತಾನಾಗಿ ಇಳಿಯುತ್ತದೆ. ಕಣ್ಣಿಗೆ ತಗುಲಿದರೆ, ತುಟಿ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಮಾತ್ರ ಮನೆಮದ್ದಿನ ಮಾತೇ ಬೇಡ, ನೇರ ವೈದ್ಯರ ಹತ್ತಿರ ಹೋಗು.

ಇನ್ನು ಹೆಸರಿನ ವಿಚಾರಕ್ಕೆ ಬರುತ್ತೇನೆ. ನೀನು ತಂದದ್ದು ಟ್ರೇಜಿಯಾ ಎಂಬ ಕುಲದ ಬಳ್ಳಿ. ಕನ್ನಡದಲ್ಲಿ ಊರೂರಿಗೆ ಉಚ್ಚಾರ ಬದಲಾಗುತ್ತದೆ: ತುರಚಿ ಬಳ್ಳಿ, ತುರುಚೆ, ತುರಿಕೆ ಬಳ್ಳಿ. ಆದರೆ ಅಜ್ಜಿ ಹೇಳಿದ ಹೆಸರು ಸರಿಯಾಯಿತು ಅಂತ ಖುಷಿಪಡಬೇಡ. ಮಲೆನಾಡಿಗೆ ಹೋಗಿ ತುರಚೆ ಅಂದರೆ ಅವರು ನಿನಗೆ ಬೇರೊಂದು ಗಿಡ ತೋರಿಸುತ್ತಾರೆ. ಅದು ಸುತ್ತಿ ಹತ್ತುವ ಬಳ್ಳಿಯಲ್ಲ, ನೆಟ್ಟಗೆ ನಿಲ್ಲುವ ಗಿಡ. ಅದರ ಕುಟುಂಬ ಅರ್ಟಿಕೇಸಿ. ನಿನ್ನ ಗೆಳತಿ ಹೇಳಿದ ದೂಲಗೊಂಡಿಯ ಕಥೆಯೂ ಅಷ್ಟೇ. ತೆಲುಗಿನಲ್ಲಿ ದೂಲಗೊಂಡಿ, ದುರದಗೊಂಡಿ ಎಂಬ ಹೆಸರುಗಳು ಈ ಬಳ್ಳಿಗೂ ಸಲ್ಲುತ್ತವೆ, ನಾವು ನಸುಗುನ್ನಿ ಎನ್ನುವ ಮ್ಯೂಕುನಾ ಬಳ್ಳಿಗೂ ಸಲ್ಲುತ್ತವೆ. ನಸುಗುನ್ನಿ ಅವರೆಕಾಯಿಯ ಕುಟುಂಬದ್ದು. ಇವೆರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ನಾನು ಹುಡುಗನಾಗಿದ್ದಾಗ ನಮ್ಮ ವಠಾರದಲ್ಲೇ ಹೀಗೊಂದು ಎಡವಟ್ಟು ಆಯಿತು. ನಮ್ಮ ಮನೆಯಲ್ಲಿ ರಾಯಚೂರು ಕಡೆಯ ಕನ್ನಡ, ಪಕ್ಕದಲ್ಲಿ ತೆಲುಗು, ಎದುರುಮನೆಯಲ್ಲಿ ಮರಾಠಿ, ಬೀದಿಗಿಳಿದರೆ ಉರ್ದು. ಪಕ್ಕದ ಮನೆಯ ಅಜ್ಜನಿಗೆ ವೈದ್ಯರು ದೂಲಗೊಂಡಿ ಬೀಜ ಬೇಕೆಂದು ಹೇಳಿದ್ದರು. ಅವರು ಹೇಳಿದ್ದು ನಸುಗುನ್ನಿಯ ಬೀಜ. ಹಳ್ಳಿಗೆ ಹೋಗಿದ್ದ ಹುಡುಗ ಬೇಲಿಯ ಮೇಲಿನ ತುರಚಿ ಬಳ್ಳಿಯನ್ನೇ ಬೇರುಸಹಿತ ಕಿತ್ತು ಚೀಲ ತುಂಬಿ ತಂದ. ಅವನ ಮೈಯೆಲ್ಲ ದದ್ದು. ಮುಟ್ಟಿದರೆ ತುರಿಸುತ್ತದೆ, ಹೆಸರೂ ಕೂಡುತ್ತದೆ, ಹಾಗಾಗಿ ಇದೇ ಇರಬೇಕು ಅಂತ ಅವನ ಲೆಕ್ಕ. ಬೀಜ ನೋಡಿದ ವೈದ್ಯರು ತಲೆಯಾಡಿಸಿ ವಾಪಸು ಕಳಿಸಿದರು. ಆ ಹುಡುಗ ಮಾಡಿದ ತಪ್ಪನ್ನು ನೀನು ನಿನ್ನೆ ಮಾಡುವುದರಲ್ಲಿದ್ದೆ. ತುರಿಕೆಯನ್ನೇ ಗುರುತೆಂದು ಹಿಡಿದುಕೊಂಡೆ. ತುರಿಸುವ ಗಿಡಗಳು ನಮ್ಮ ನಾಡಿನಲ್ಲಿ ಹಲವಿವೆ. ಚರ್ಮಕ್ಕೆ ತುರಿಕೆ ಮಾತ್ರ ಗೊತ್ತಾಗುತ್ತದೆ, ಕುಲ ಗೊತ್ತಾಗುವುದಿಲ್ಲ. ಅದಕ್ಕೆ ಕಣ್ಣೇ ಬೇಕು.

ಟ್ರೇಜಿಯಾ ಎಂಬ ಕುಲದ ಹೆಸರಿನ ಹಿಂದೆ ನಿನಗೆ ಒಪ್ಪುವ ಒಂದು ಕಥೆ ಇದೆ. ಜರ್ಮನಿಯಲ್ಲಿ 1498ರಲ್ಲಿ ಹುಟ್ಟಿ 1554ರವರೆಗೆ ಬದುಕಿದ್ದ ಹಿರೋನಿಮಸ್ ಬಾಕ್ ಎಂಬ ಮೂಲಿಕೆ ಪಂಡಿತನಿದ್ದ. ಬಾಕ್ ಅಂದರೆ ಅವರ ಮಾತಿನಲ್ಲಿ ಹೋತ. ಆ ಕಾಲದ ವಿದ್ವಾಂಸರ ಪದ್ಧತಿಯಂತೆ ಅವನು ಹೆಸರನ್ನು ಗ್ರೀಕಿಗೆ ತಿರುಗಿಸಿ ಟ್ರಾಗಸ್ ಎಂದು ಬರೆದುಕೊಂಡ. ಪ್ಲೂಮಿಯೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ 1703ರಲ್ಲಿ ಈ ಬಳ್ಳಿಗಳ ಕುಲಕ್ಕೆ ಅವನ ನೆನಪಿನಲ್ಲಿ ಟ್ರೇಜಿಯಾ ಎಂದು ಹೆಸರಿಟ್ಟ. ಲಿನೇಯಸ್ 1753ರಲ್ಲಿ ಅದನ್ನೇ ಉಳಿಸಿಕೊಂಡ. ಬಾಕ್ 1539ರಲ್ಲಿ ಅಚ್ಚು ಹಾಕಿಸಿದ ಮೂಲಿಕೆ ಪುಸ್ತಕದ ಮೊದಲ ಮುದ್ರಣದಲ್ಲಿ ಒಂದು ಚಿತ್ರವೂ ಇರಲಿಲ್ಲ. ಚಿತ್ರಗಳು ಸೇರಿದ್ದು 1546ರ ಮುದ್ರಣದಲ್ಲಿ. ಅಲ್ಲಿಯವರೆಗೆ ಓದಿದವನು ಗಿಡವನ್ನು ಗುರುತು ಹಿಡಿಯಬೇಕಾದರೆ ಬಾಕ್‌ನ ಮಾತೊಂದೇ ದಾರಿ. ಅದಕ್ಕೇ ಅವನು ಹಳೆಯ ಗ್ರಂಥಗಳಲ್ಲಿದ್ದದ್ದನ್ನು ನಕಲು ಮಾಡಿ ಬಿಡಲಿಲ್ಲ. ಕಾಡುಮೇಡು ಸುತ್ತಿ, ಕಣ್ಣಾರೆ ನೋಡಿ, ಕಂಡದ್ದನ್ನು ತನ್ನ ನಾಡಮಾತಿನಲ್ಲಿ ಬರೆದ.

ಹಾಗಾಗಿ ನನ್ನ ಮೊದಲ ಮಾತು ಇದು. ಗಿಡ ಕಂಡ ಕೂಡಲೇ ಫೋನು ತೆಗೆಯಬೇಡ. ಪೆನ್ಸಿಲು ತೆಗೆ. ಕಂಡದ್ದನ್ನು ಹತ್ತು ವಾಕ್ಯಗಳಲ್ಲಿ ಬರೆ, ಕನ್ನಡದಲ್ಲೇ ಬರೆ. ಬರೆಯುವಾಗಲೇ ನೀನು ಏನೇನು ನೋಡಿಲ್ಲ ಅಂತ ನಿನಗೆ ತಿಳಿಯುತ್ತದೆ. ಆಮೇಲೆ ಫೋಟೊ ತೆಗೆ, ಫೋನನ್ನೂ ಕೇಳು, ತಪ್ಪೇನಿಲ್ಲ. ಆಗ ಅದು ಹೇಳಿದ್ದು ಸರಿಯೋ ತಪ್ಪೋ ಅಂತ ಪರೀಕ್ಷಿಸುವ ಶಕ್ತಿ ನಿನ್ನ ಕೈಯಲ್ಲಿರುತ್ತದೆ.

ಇನ್ನು ಈ ಬಳ್ಳಿಯನ್ನು ನೋಡುವ ಕ್ರಮ. ಇದನ್ನು ಪಾಠದ ಹಾಗೆ ಉರುಹೊಡೆಯಬೇಡ, ಬಳ್ಳಿಯ ಮುಂದೆ ಕೂತು ಒಂದೊಂದಾಗಿ ನೋಡು.

ಮೊದಲು ಹೇಗೆ ಹತ್ತಿದೆ ನೋಡು. ಹಾಗಲ, ತೊಂಡೆಗೆ ಸುರುಳಿ ಸುತ್ತುವ ತಂತುಗಳಿರುತ್ತವೆ, ಅವು ಆ ತಂತುವಿನಿಂದ ಹಂದರವನ್ನು ಹಿಡಿಯುತ್ತವೆ. ತುರಚಿ ಬಳ್ಳಿಗೆ ಅಂಥ ತಂತು ಇಲ್ಲ. ಕಾಂಡವೇ ಆಸರೆಗೆ ಸುತ್ತಿಕೊಂಡು ಮೇಲೇರುತ್ತದೆ. ಕಾಂಡ ತೆಳ್ಳಗೆ, ದಾರದ ಹಾಗೆ. ಬುಡ ಮಾತ್ರ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಮೇಲೆ ಒಣಗಿದರೂ ಮಳೆ ಬಿದ್ದರೆ ಆ ಬುಡದಿಂದಲೇ ಮತ್ತೆ ಚಿಗುರುತ್ತದೆ. ಆಸರೆ ಸಿಗದಿದ್ದರೆ ನೆಲದ ಮೇಲೇ ಹರಡಿಕೊಳ್ಳುತ್ತದೆ. ಈ ಕುಲದಲ್ಲಿ ನೆಟ್ಟಗೆ ನಿಲ್ಲುವ ಪ್ರಭೇದಗಳೂ ಇವೆ ಎಂಬುದು ನೆನಪಿರಲಿ.

ಎರಡನೆಯದು, ಕೈಗವಸು ಹಾಕಿಕೊಂಡು ಒಂದು ಎಳೆ ತುದಿಯನ್ನು ಮುರಿದು ನೋಡು. ಹಾಲು ಬರುವುದಿಲ್ಲ. ಇಲ್ಲಿಯೇ ನಿನ್ನ ವಯಸ್ಸಿನವರು ಎಡವುತ್ತಾರೆ. ಇದು ಯೂಫೋರ್ಬಿಯೇಸಿ ಕುಟುಂಬದ್ದು ಅಂದ ಕೂಡಲೇ ಕಳ್ಳಿಯ ಹಾಲು, ರಬ್ಬರಿನ ಹಾಲು ನೆನಪಾಗಿ, ಹಾಲಿಲ್ಲದ್ದು ಈ ಕುಟುಂಬದ್ದೇ ಅಲ್ಲ ಎಂದು ತಳ್ಳಿಹಾಕಿಬಿಡುತ್ತಾರೆ. ಅದೇ ಕುಟುಂಬದ ಔಡಲವನ್ನು ಮುರಿದು ನೋಡು, ನೀರಿನಂಥ ರಸ ಬರುತ್ತದೆ, ಹಾಲಲ್ಲ. ಕುಪ್ಪಿಗಿಡಕ್ಕೂ ಹಾಲಿಲ್ಲ. ತುರಚಿ ಬಳ್ಳಿ ಈ ಔಡಲ, ಕುಪ್ಪಿಗಿಡಗಳ ಪಂಗಡಕ್ಕೆ ಸೇರಿದ್ದು. ಬೇಲಿಯ ಮೇಲೆ ಇದರ ಪಕ್ಕದಲ್ಲೇ ಸಿಗುವ ಹಾಲುಕೊರಟಿಗೆ ಬಳ್ಳಿಗೂ ಹೃದಯದಾಕಾರದ ಎಲೆ, ಮೈಮೇಲೆ ರೋಮ. ಅದನ್ನು ಮುರಿದರೆ ಹಾಲು ಒಸರುತ್ತದೆ, ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ತುರಚಿ ಬಳ್ಳಿಯ ಎಲೆಗಳು ಒಂದಾದ ಮೇಲೊಂದು, ಒಂದು ಗೆಣ್ಣಿಗೆ ಒಂದೇ ಎಲೆ.

ಮೂರನೆಯದು ಎಲೆ. ಅಂಚಿನಲ್ಲಿ ಗರಗಸದ ಹಲ್ಲು. ಬುಡ ಸಾಮಾನ್ಯವಾಗಿ ಹೃದಯದ ಹಾಗೆ ಒಳಬಾಗಿರುತ್ತದೆ, ತುದಿ ಚೂಪು. ಬುಡದಿಂದಲೇ ಮೂರೋ ಐದೋ ಮುಖ್ಯ ನರಗಳು ಹೊರಡುತ್ತವೆ. ಎಲೆತೊಟ್ಟಿನ ಬುಡದಲ್ಲಿ ಎರಡು ಪುಟ್ಟ ಚೂಪು ಎಲೆಚೂರುಗಳಿರುತ್ತವೆ. ನಿನ್ನ ಪಠ್ಯದ ಕಾವಿನೆಲೆ ಅಂದರೆ ಇವೇ. ಇಷ್ಟೆಲ್ಲ ಇದ್ದರೂ ಎಲೆಯನ್ನು ಹೆಚ್ಚು ನಂಬಬೇಡ. ಒಂದೇ ಬಳ್ಳಿಯಲ್ಲಿ ಬುಡದ ಎಲೆ ಅಗಲವಾಗಿ ತುದಿಯ ಎಲೆ ಈಟಿಯ ಹಾಗೆ ಇರಬಹುದು, ನೆರಳಿನಲ್ಲಿ ದೊಡ್ಡದಾಗಿ ಬಿಸಿಲಿನಲ್ಲಿ ಚಿಕ್ಕದಾಗಿರಬಹುದು. ನಿನ್ನ ಫೋನು ತಪ್ಪು ಹೆಸರು ಹೇಳಿದ್ದೂ ಎಲೆಯ ಫೋಟೊವನ್ನಷ್ಟೇ ನೋಡಿ.

ನಾಲ್ಕನೆಯದು ರೋಮ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಇಟ್ಟು ಕಾಂಡದ ಅಂಚನ್ನು ಬೆಳಕಿಗೆ ಹಿಡಿ. ಎರಡು ಬಗೆಯ ರೋಮ ಕಾಣುತ್ತದೆ. ಮೆತ್ತಗಿನವು ಕೆಲವು, ಉದ್ದಕ್ಕೆ ಬಿರುಸಾಗಿ ನೆಟ್ಟಗೆ ನಿಂತವು ಕೆಲವು. ಚುಚ್ಚುವವು ಈ ಬಿರುಸಿನವು. ಇವುಗಳ ಒಳಗಿನ ಕಟ್ಟಡ ಮಲೆನಾಡಿನ ತುರಚೆಯದ್ದಕ್ಕಿಂತ ಬೇರೆ. ಆ ತುರಚೆಯ ಬಳಗದ ರೋಮದ ತುದಿ ಗಾಜಿನ ಹಾಗೆ ಗಡುಸು. ಮುಟ್ಟಿದರೆ ಮುರಿದು, ಒಳಗಿನ ದ್ರವವನ್ನು ಸೂಜಿಯಂತೆ ಚರ್ಮಕ್ಕೆ ಇಳಿಸುತ್ತದೆ. ತುರಚಿ ಬಳ್ಳಿಯ ರೋಮದ ನಡುವೆ ಒಂದು ಉದ್ದನೆಯ ಕೋಶ, ಅದರ ತುದಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಒಂದು ಚೂಪು ಹರಳು. ಒತ್ತಡ ಬಿದ್ದಾಗ ಆ ಹರಳು ಕೋಶವನ್ನು ಸೀಳಿ ಹೊರಬಂದು ಚರ್ಮಕ್ಕೆ ನಾಟುತ್ತದೆ, ಅದರ ಹಿಂದೆಯೇ ಉರಿಸುವ ರಸ ಒಳಗಿಳಿಯುತ್ತದೆ. ಕನ್ನಡದಲ್ಲಿ ಔಡಲಕ್ಕೂ ಹರಳು ಅನ್ನುತ್ತೇವೆ, ಉಂಗುರದ ಕಲ್ಲಿಗೂ ಹರಳು ಅನ್ನುತ್ತೇವೆ. ಹರಳಿನ ಕುಟುಂಬದ ಬಳ್ಳಿ ಹರಳಿನಿಂದಲೇ ಚುಚ್ಚುತ್ತದೆ ಅಂತ ನೆನಪಿಟ್ಟುಕೋ, ಪರೀಕ್ಷೆಯಲ್ಲೂ ಮರೆಯುವುದಿಲ್ಲ. ಬಳ್ಳಿ ಒಣಗಿದ ಮೇಲೂ ಆ ಹರಳು ಹಾಗೆಯೇ ಇರುತ್ತದೆ. ಒತ್ತಿ ಒಣಗಿಸಿದ ಮಾದರಿ ಅಂತ ಬರಿಗೈಯಿಂದ ಮುಟ್ಟಬೇಡ.

ಐದನೆಯದು ಹೂವು. ಇದಕ್ಕೆ ತಾಳ್ಮೆ ಬೇಕು. ಎಲೆಯ ಎದುರಿನಿಂದಲೋ ಕಂಕುಳಿನಿಂದಲೋ ಕೊಂಬೆಯ ತುದಿಯಿಂದಲೋ ಒಂದು ಸಣ್ಣ ಹೂಕಡ್ಡಿ ಹೊರಡುತ್ತದೆ. ಬಣ್ಣ ಹಸಿರು ಕಲೆತ ಹಳದಿ. ದೂರದಿಂದ ನೋಡಿದವನಿಗೆ ಹೂ ಬಿಟ್ಟಿದೆ ಅಂತಲೇ ಗೊತ್ತಾಗುವುದಿಲ್ಲ. ಗಂಡುಹೂ ಹೆಣ್ಣುಹೂ ಬೇರೆಬೇರೆ, ಆದರೆ ಎರಡೂ ಒಂದೇ ಕಡ್ಡಿಯಲ್ಲಿ. ಕಡ್ಡಿಯ ಬುಡದಲ್ಲಿ ಒಂದೋ ಎರಡೋ ಹೆಣ್ಣುಹೂ, ಮೇಲಕ್ಕೆ ಸಾಲಾಗಿ ಗಂಡುಹೂಗಳು. ಈಗ ಔಡಲದ ಹೂಗೊಂಚಲನ್ನು ಜ್ಞಾಪಿಸಿಕೋ. ಅಲ್ಲಿ ಕೆಂಪು ಶಲಾಕೆಗಳ ಹೆಣ್ಣುಹೂ ಮೇಲೆ, ಗಂಡುಹೂ ಕೆಳಗೆ. ಒಂದೇ ಬಳಗದ ಈ ಎರಡರಲ್ಲಿ ಗಂಡು ಹೆಣ್ಣಿನ ಜಾಗ ಅದಲುಬದಲಾಗಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಒಮ್ಮೆ ಚಿತ್ರ ಬರೆ. ನಮ್ಮ ಪಾಲಮೂರು, ನಲ್ಲಗೊಂಡದ ಹೊಲಗಳಲ್ಲಿ ಔಡಲಕ್ಕೆ ಬರವಿಲ್ಲ.

ಗಂಡುಹೂವಿಗೆ ಬಣ್ಣದ ದಳಗಳಿಲ್ಲ. ನಮ್ಮ ಕಡೆಯ ಪ್ರಭೇದಗಳಲ್ಲಿ ಸಾಮಾನ್ಯವಾಗಿ ಮೂರು ಹಸಿರು ಪುಷ್ಪಪತ್ರ, ನಡುವೆ ಮೂರು ಕೇಸರ. ಔಡಲದ ಗಂಡುಹೂವಿನಲ್ಲಿ ಕೇಸರಗಳು ಕವಲೊಡೆದು ಗಿಡದ ಹಾಗೆ ಪೊದೆಪೊದೆಯಾಗಿರುತ್ತವೆ, ಇಲ್ಲಿ ಅಂಥ ಗದ್ದಲವಿಲ್ಲ. ಹೆಣ್ಣುಹೂವಿನಲ್ಲಿ ನೀನು ನೋಡಬೇಕಾದ್ದು ಪುಷ್ಪಪತ್ರಗಳನ್ನು. ತುರಚಿ ಬಳ್ಳಿಯಲ್ಲಿ ಅವು ಆರು. ಒಂದೊಂದೂ ಬಾಚಣಿಗೆಯ ಹಾಗೆ ಎರಡೂ ಪಕ್ಕ ಸೀಳಿಕೊಂಡಿದೆ, ಮೇಲೆ ಬಿರುಸು ರೋಮ. ಹೂವಿನ ಕಾಲ ಮುಗಿದರೂ ಇವು ಉದುರುವುದಿಲ್ಲ. ಕಾಯಿ ಬಲಿಯುತ್ತಿದ್ದಂತೆ ಇವೂ ದೊಡ್ಡದಾಗಿ ಗಟ್ಟಿಯಾಗಿ ಕಾಯಿಯ ಕೆಳಗೆ ನಕ್ಷತ್ರದಂತೆ ಹರಡಿ ನಿಲ್ಲುತ್ತವೆ. ಈ ಬಾಚಣಿಗೆಯ ನಕ್ಷತ್ರ ಕಂಡರೆ ನಿನಗೆ ಅರ್ಧ ಉತ್ತರ ಸಿಕ್ಕಿತು.

ಉಳಿದರ್ಧ ಕಾಯಿಯಲ್ಲಿದೆ. ಅದೇ ಆರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಕಾಯಿ 1 ಸೆಂಟಿಮೀಟರಿಗಿಂತ ಚಿಕ್ಕದು. ಮೂರು ಉರುಟು ಹೋಳುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಹಾಗೆ ಕಾಣುತ್ತದೆ. ಔಡಲದ ಕಾಯಿಯನ್ನು ಬಿಡಿಸಿದ್ದೀಯಲ್ಲ, ಅದೇ ಲೆಕ್ಕ: ಮೂರು ಹೋಳು, ಹೋಳಿಗೊಂದು ಬೀಜ. ಕಾಯಿಯ ತುದಿಯಲ್ಲಿ, ಬುಡದ ಕಡೆ ಕೂಡಿಕೊಂಡು ಮೇಲೆ ಮೂರಾಗಿ ಹೊರಳಿದ ಶಲಾಕೆ ಒಣಗಿ ಉಳಿದಿರುತ್ತದೆ. ಬಲಿತ ಕಾಯಿ ಬಿಸಿಲಿಗೆ ಸಿಡಿದು ಬೀಜ ಚಿಮ್ಮುತ್ತದೆ. ಬೀಜ ಗುಂಡಗೆ. ಔಡಲದ ಬೀಜದ ತಲೆಯ ಮೇಲೆ ಬಿಳಿಯ ಗಂಟಿನಂಥ ಒಂದು ಗುಬುಟು ಇರುತ್ತದಲ್ಲ, ಇದರ ಬೀಜಕ್ಕೆ ಅದಿಲ್ಲ. ಈಗ ಬೇರೆ ತುರಿಕೆ ಗಿಡಗಳನ್ನು ಇದಕ್ಕೆ ಹೋಲಿಸಿ ನೋಡು. ನಸುಗುನ್ನಿಗೆ ಮೂರು ಎಲೆಗಳ ಗುಂಪು, ನೇರಳೆ ಬಣ್ಣದ ದೊಡ್ಡ ಹೂ, ಕಂದುಬಣ್ಣದ ರೋಮ ಹೊದ್ದ ಬಾಗಿದ ಕೋಡು. ಅದರ ತುರಿಕೆಯೂ ಮುಖ್ಯವಾಗಿ ಆ ಕೋಡಿನ ರೋಮದಿಂದ. ಮಲೆನಾಡಿನ ತುರಚೆಗೆ ಒಂದೇ ಬೀಜದ ಸಣ್ಣ ಚಪ್ಪಟೆ ಕಾಯಿ, ಹೋಳಿನ ಮಾತೇ ಇಲ್ಲ. ಮೂರು ಹೋಳಿನ ಕಾಯಿ ಸಿಕ್ಕ ಮೇಲೆ ಗೊಂದಲಕ್ಕೆ ಜಾಗವೇ ಇಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಪಾಠ ಹೇಳಲು ಸೇರಿದ ಹೊಸತರಲ್ಲಿ ಒಬ್ಬರು ಕತ್ತರಿಸಿ ತಂದುಕೊಟ್ಟ ಒಂದು ತುದಿಯನ್ನು ನೋಡಿದೆ. ಹಲ್ಲಿನ ಅಂಚಿನ ಎಲೆ, ಮೈತುಂಬ ರೋಮ, ಮುಟ್ಟಿದರೆ ಉರಿ. ಟ್ರೇಜಿಯಾ ಅಂತ ಚೀಟಿ ಬರೆದು ಅಂಟಿಸಿದೆ. ಅದು ಬಳ್ಳಿಯೋ ಗಿಡವೋ ಅಂತ ಕೇಳಲಿಲ್ಲ, ಕಾಯಿ ಎಲ್ಲಿ ಅಂತಲೂ ಕೇಳಲಿಲ್ಲ. ಮುಂದಿನ ಮಳೆಗಾಲ ಆ ಜಾಗಕ್ಕೆ ನಾನೇ ಹೋದೆ. ನೆಟ್ಟಗೆ ನಿಂತ ತುರಚೆ ಗಿಡ ಅದು. ನನ್ನ ಚೀಟಿಯನ್ನು ನೋಡಿ ಆ ಒಂದು ವರ್ಷ ಎಷ್ಟು ಮಕ್ಕಳು ತಪ್ಪು ಕಲಿತಿರಬಹುದು ಎಂಬ ಯೋಚನೆ ಈಗಲೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ಹೂ ಕಾಯಿ ಇಲ್ಲದ ಮಾದರಿಗೆ ನಾನು ಹೆಸರು ಬರೆದಿಲ್ಲ. ನೀನೂ ಬರೆಯಬೇಡ. "ಕಾಯಿಗಾಗಿ ಕಾಯುತ್ತಿದ್ದೇನೆ" ಅಂತ ಬರೆದಿಡುವುದರಲ್ಲಿ ಯಾವ ಅವಮಾನವೂ ಇಲ್ಲ.

ಕುಲ ಗೊತ್ತಾಯಿತು, ಇನ್ನು ಪ್ರಭೇದ. ಜಗತ್ತಿನ ಉಷ್ಣ ನಾಡುಗಳಲ್ಲೆಲ್ಲ ಸೇರಿ ಟ್ರೇಜಿಯಾದ ನೂರೈವತ್ತರ ಆಸುಪಾಸು ಪ್ರಭೇದಗಳಿವೆ. ದಖ್ಖನಿನ ಕುರುಚಲು ಕಾಡಿನಲ್ಲಿ ನಿನಗೆ ಮುಖ್ಯವಾಗಿ ಎರಡು ಸಿಗುತ್ತವೆ. ಎಲೆ ಇಡಿಯಾಗಿ, ಅಂಡಾಕಾರವಾಗಿಯೋ ಈಟಿಯಂತೆಯೋ ಇದ್ದರೆ ಟ್ರೇಜಿಯಾ ಇನ್ವೊಲ್ಯೂಕ್ರೇಟಾ. ಎಲೆ ಆಳವಾಗಿ ಮೂರು ಸೀಳಾಗಿ, ಕೆಲವೊಮ್ಮೆ ಐದಾಗಿ, ನಡುವಿನ ಸೀಳು ಎಲ್ಲಕ್ಕಿಂತ ಉದ್ದವಾಗಿದ್ದರೆ ಟ್ರೇಜಿಯಾ ಪ್ಲುಕೆನೆಟಿಯೈ. ನೀನು ತಂದದ್ದು ಮೊದಲನೆಯದು. ಅದು ಮಲಬಾರಿನವರಿಗೂ ಹಳೆಯ ಪರಿಚಯ. ಡಚ್ಚರ ಕಾಲದಲ್ಲಿ ವಾನ್ ರೀಡ್ ಸಿದ್ಧಪಡಿಸಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ ಹೋರ್ಟಸ್ ಮಲಬಾರಿಕಸ್‌ನಲ್ಲಿ ಇದು ಚೊರಿಯಣಂ ಎಂಬ ಮಲಯಾಳದ ಹೆಸರಿನಲ್ಲೇ ಇದೆ.

ಎರಡನೆಯ ಪ್ರಭೇದದ ಹೆಸರು ಲೆನರ್ಡ್ ಪ್ಲುಕೆನೆಟ್ ಎಂಬ ಹದಿನೇಳನೆಯ ಶತಮಾನದ ಇಂಗ್ಲಿಷ್ ಸಸ್ಯಶಾಸ್ತ್ರಜ್ಞನ ನೆನಪಿನದು. ಅವನದೇ ಹೆಸರಿನ ಪ್ಲುಕೆನೆಟಿಯಾ ಎಂಬ ಬೇರೊಂದು ಕುಲವೂ ಇದೇ ಕುಟುಂಬದಲ್ಲಿದೆ, ಅದೂ ಬಳ್ಳಿಯೇ. ಈಚೆಗೆ ನಮ್ಮ ದೇಶದ ಕೆಲವು ರೈತರು ಎಣ್ಣೆಬೀಜಕ್ಕೆಂದು ಬೆಳೆಯುತ್ತಿರುವ ದಕ್ಷಿಣ ಅಮೆರಿಕದ ಸಾಚಾ ಇಂಚಿ ಆ ಕುಲದ್ದು. ಅದರ ಕಾಯಿಯಲ್ಲಿ ಹೋಳು ಸಾಮಾನ್ಯವಾಗಿ ನಾಲ್ಕು, ನಕ್ಷತ್ರದ ಆಕಾರ. ಡೆಲೆಚಾಂಪಿಯಾ ಎಂಬ ಇನ್ನೊಂದು ಬಳ್ಳಿಕುಲದಲ್ಲಿ ಹೂಗೊಂಚಲನ್ನು ಎರಡು ದೊಡ್ಡ ಎಲೆಯಂಥ ಪತ್ರಗಳು ಆಚೀಚೆ ಅಪ್ಪಿಕೊಂಡಿರುತ್ತವೆ. ಮೂರೂ ಹತ್ತಿರದ ಬಂಧುಗಳು. ಮೂರು ಹೋಳಿನ ಕಾಯಿ, ಬಾಚಣಿಗೆಯ ಪುಷ್ಪಪತ್ರ, ದೊಡ್ಡ ಪತ್ರಗಳಿಲ್ಲದ ಬರಿಯ ಹೂಕಡ್ಡಿ ಅಂದರೆ ತುರಚಿ ಬಳ್ಳಿ. ನಾಲ್ಕು ಹೋಳು ಅಂದರೆ ಪ್ಲುಕೆನೆಟಿಯಾ. ಎರಡು ಪತ್ರಗಳ ನಡುವಿನ ಗೊಂಚಲು ಅಂದರೆ ಡೆಲೆಚಾಂಪಿಯಾ. ಇಷ್ಟು ಗೊತ್ತಿದ್ದರೆ ಉಷ್ಣವಲಯದ ಯಾವ ಬೇಲಿಯ ಮುಂದೆ ನಿಂತರೂ ನಿನಗೆ ದಾರಿ ತಪ್ಪುವುದಿಲ್ಲ.

ಒಂದು ಕಾಡುಬಳ್ಳಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೇ ಅಂತ ನಿನಗೆ ಅನ್ನಿಸಬಹುದು. ಔಷಧದ ಉದಾಹರಣೆ ನೋಡು. ಆಯುರ್ವೇದದಲ್ಲಿ ದುರಾಲಭಾ ಎಂಬ ದ್ರವ್ಯವಿದೆ. ಉತ್ತರದ ಕಡೆ ಆ ಹೆಸರಿಗೆ ಫ್ಯಾಗೋನಿಯಾ ಎಂಬ ಒಣನಾಡಿನ ಮುಳ್ಳುಗಿಡವನ್ನು ಬಳಸುತ್ತಾರೆ, ಕೇರಳದಲ್ಲಿ ನಮ್ಮ ಈ ತುರಚಿ ಬಳ್ಳಿಯ ಬೇರನ್ನು ಬಳಸುತ್ತಾರೆ. ಒಂದು ಹೆಸರು, ಎರಡು ಗಿಡ, ಎರಡು ಕುಟುಂಬ. ಒಣಗಿ ಚೂರಾಗಿ ಗೋಣಿಚೀಲ ಸೇರಿದ ಮೇಲೆ ಯಾವುದು ಯಾವುದೆಂದು ಹೇಳುವುದು ಬಹಳ ಕಷ್ಟ. ಬೇರು ಕೀಳುವ ಮೊದಲೇ ಬಳ್ಳಿಯನ್ನು ನೋಡಿ ಹೇಳಬಲ್ಲವರು ಬೇಕು. ಆ ಕೆಲಸಕ್ಕೆ ನಿನ್ನಂಥವರು ತಯಾರಾಗಬೇಕು. ನೀನಾಗಿ ಇದನ್ನು ಮದ್ದೆಂದು ಯಾರಿಗೂ ಕೊಡಬೇಡ, ಅದು ವೈದ್ಯರ ಕೆಲಸ.

ಚಿಟ್ಟೆಗಳ ವಿಚಾರವೂ ಇದೆ. ಕಾಮನ್ ಕ್ಯಾಸ್ಟರ್, ಆಂಗಲ್ಡ್ ಕ್ಯಾಸ್ಟರ್ ಎಂಬ ಕಂದು ಚಿಟ್ಟೆಗಳು ಔಡಲದ ಮೇಲೆ ಮೊಟ್ಟೆಯಿಡುತ್ತವೆ, ಹೆಸರು ಬಂದದ್ದೂ ಅದರಿಂದಲೇ. ಅವೇ ಚಿಟ್ಟೆಗಳು ತುರಚಿ ಬಳ್ಳಿಯ ಮೇಲೂ ಮೊಟ್ಟೆಯಿಡುತ್ತವೆ. ಸಸ್ಯಶಾಸ್ತ್ರದ ಪುಸ್ತಕ ಓದದ ಚಿಟ್ಟೆಗೂ ಇವೆರಡರ ನೆಂಟಸ್ತಿಕೆ ಗೊತ್ತು. ಒಣ ಬಯಲಿನ ಜೋಕರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಹುಳುಗಳಿಗಂತೂ ಟ್ರೇಜಿಯಾ ಬಳ್ಳಿಗಳೇ ಮುಖ್ಯ ಆಹಾರ. ನಮ್ಮನ್ನು ಸುಡುವ ಎಲೆಯನ್ನು ಆ ಹುಳು ಮೇಯ್ದು ರೆಕ್ಕೆ ಕಟ್ಟಿಕೊಂಡು ಹಾರುತ್ತದೆ. ತುರಿಸುತ್ತದೆ ಅಂತ ಬೇಲಿಯಿಂದ ಕಿತ್ತು ಬೆಂಕಿಗೆ ಹಾಕಿದರೆ ಆ ಚಿಟ್ಟೆಗೆ ತವರು ಇಲ್ಲವಾಗುತ್ತದೆ. ಮಕ್ಕಳು ಆಡುವ ಜಾಗದಲ್ಲಿದ್ದರೆ ತೆಗೆಯಲೇಬೇಕು, ಒಪ್ಪುತ್ತೇನೆ. ಬಂಡೆಗುಡ್ಡದ ಪೊದೆಯಲ್ಲಿರುವುದನ್ನು ಅದರ ಪಾಡಿಗೆ ಬಿಡು. ಓದಿಗೆ ಒಂದು ತುದಿ ಸಾಕು, ಬೇರು ಕೀಳಬೇಡ.

ನಾವಿರುವ ಈ ಕಾಚಿಗೂಡಕ್ಕೆ ಹೆಸರು ಬಂದದ್ದು ಕಾಚಿ ಎಂಬ ಸಮುದಾಯದಿಂದ ಎನ್ನುತ್ತಾರೆ. ಕಾಚಿಗಳು ಕಾಯಿಪಲ್ಲೆ ಬೆಳೆದು ಬದುಕಿದವರು. 1916ರಲ್ಲಿ ಸ್ಟೇಷನ್ ಕಟ್ಟಿದರು, ಆಮೇಲೆ ಬೀದಿಗಳು ಬೆಳೆದವು. ಈಗ ಇಲ್ಲಿ ಬೇಲಿಯೂ ಇಲ್ಲ, ಬೇಲಿಯ ಬಳ್ಳಿಯೂ ಇಲ್ಲ. ನಾನು ಹುಡುಗನಾಗಿದ್ದಾಗ ತುರಚಿ ಯಾವುದು, ಹಾಲುಕೊರಟಿಗೆ ಯಾವುದು ಅಂತ ಮನೆಯ ಹೆಂಗಸರೆಲ್ಲ ಹೇಳುತ್ತಿದ್ದರು. ಈಗ ನಿನ್ನ ಅಜ್ಜಿಯ ಕಾಲಕ್ಕೆ ಅದು ನಿಲ್ಲುತ್ತಿದೆ. ಇಲ್ಲಿನ ಕನ್ನಡಿಗರ ಸಾಹಿತ್ಯ ಮಂದಿರದಲ್ಲಿ ಕವಿತೆ ಓದಿದರೆ ಕನ್ನಡ ಉಳಿಯುತ್ತದೆ, ನಿಜ. ನೂರು ಗಿಡಗಳ ಹೆಸರನ್ನು ಕನ್ನಡದಲ್ಲಿ, ಸರಿಯಾದ ಗಿಡಕ್ಕೆ ಸೇರಿಸಿ ಹೇಳಬಲ್ಲ ಒಬ್ಬ ಹುಡುಗಿಯಿಂದಲೂ ಅಷ್ಟೇ ಉಳಿಯುತ್ತದೆ. ಅಜ್ಜಿಯನ್ನು ಕೂರಿಸಿಕೊಂಡು ಅವಳಿಗೆ ಗೊತ್ತಿರುವ ಹೆಸರುಗಳನ್ನೆಲ್ಲ ಬರೆದುಕೋ. ತೆಲುಗು ಗೆಳತಿಯ ಹೆಸರುಗಳನ್ನೂ ಪಕ್ಕದಲ್ಲಿ ಬರೆ. ಆದರೆ ಒಂದೊಂದು ಹೆಸರಿನ ಮುಂದೆಯೂ ಗಿಡವನ್ನು ನೋಡಿ ಖಚಿತಪಡಿಸಿಕೊಂಡ ತಾರೀಖು ಇರಲಿ.

ನಿನ್ನ ಚೀಲದಲ್ಲಿ ಈ ಕೆಲವು ವಸ್ತುಗಳು ಯಾವಾಗಲೂ ಇರಲಿ: ದಪ್ಪ ಕೈಗವಸು, ಮಸೂರ, ಸಣ್ಣ ಕತ್ತರಿ, ಅಳತೆಪಟ್ಟಿ, ಹಳೆಯ ಪೇಪರು, ಅಂಟುಟೇಪು, ಪೆನ್ಸಿಲು, ನೋಟುಬುಕ್ಕು. ಮಾದರಿ ತೆಗೆದರೆ ಹೂ, ಕಾಯಿ, ಎಲೆ ಮೂರೂ ಇರುವ ತುದಿಯನ್ನೇ ತೆಗೆ. ಎಲ್ಲಿ ಸಿಕ್ಕಿತು, ಯಾವ ದಿನ, ಯಾವುದಕ್ಕೆ ಸುತ್ತಿಕೊಂಡಿತ್ತು, ಮುರಿದಾಗ ಹಾಲು ಬಂತೋ ಇಲ್ಲವೋ, ಇಷ್ಟನ್ನು ಅಲ್ಲಿಯೇ ನಿಂತು ಬರೆ. ಒಣಗಿದ ಮೇಲೆ ಬಣ್ಣ ಹೋಗುತ್ತದೆ, ಸುತ್ತಿದ ರೀತಿಯೂ ಹೋಗುತ್ತದೆ. ಪೇಪರಿನ ಮೇಲೆ "ಚುಚ್ಚುತ್ತದೆ, ಎಚ್ಚರ" ಅಂತ ದೊಡ್ಡದಾಗಿ ಬರೆ. ಅದನ್ನು ಬಿಚ್ಚುವವರು ಬೇರೆಯವರಾಗಿರಬಹುದು. ನಮ್ಮೂರ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಒಣಗಿಸಿಟ್ಟ ಸಸ್ಯಗಳ ಸಂಗ್ರಹವಿದೆ. ನಿಮ್ಮ ಮೇಡಂ ಅವರಿಂದ ಪತ್ರ ತೆಗೆದುಕೊಂಡು ಹೋಗಿ, ನಿನ್ನ ಮಾದರಿಯನ್ನು ಅಲ್ಲಿಯದರೊಂದಿಗೆ ಹೋಲಿಸಿ ನೋಡು. ತಪ್ಪಿದ್ದರೆ ಅಲ್ಲಿಯೇ ತಿದ್ದಿಕೋ.

ನೀನು ನಿನ್ನೆ ತಂದ ತುದಿಯಲ್ಲಿ ಎಲೆ ಇದೆ, ಎಳೆಯ ಹೂಕಡ್ಡಿ ಇದೆ, ಬುಡದಲ್ಲಿ ಬಾಚಣಿಗೆಯ ಪುಷ್ಪಪತ್ರಗಳ ಒಂದು ಹೆಣ್ಣುಹೂ ಇದೆ. ಕಾಯಿ ಇನ್ನೂ ಕಟ್ಟಿಲ್ಲ. ನಾನು ಹೆಸರು ಹೇಳಿಬಿಟ್ಟೆ ಅಂತ ನೀನು ಅದನ್ನು ನಂಬಿ ಬರೆಯಬೇಡ. ಚೀಟಿಯ ಮೇಲೆ ಹೆಸರಿನ ಜಾಗವನ್ನು ಖಾಲಿ ಬಿಡು. ಮೂರು ವಾರ ಬಿಟ್ಟು ಅದೇ ಪೊದೆಯ ಹತ್ತಿರ ಹೋಗು, ಕೈಗವಸು ಹಾಕಿಕೊಂಡು ಹೋಗು. ಮೂರು ಹೋಳಿನ ಕಾಯಿಯನ್ನು ನಿನ್ನ ಕಣ್ಣಿನಿಂದ ನೋಡಿ, ಎಣಿಸಿ, ಆಮೇಲೆ ನಿನ್ನ ಕೈಯಿಂದಲೇ ಹೆಸರು ಬರೆ.